ಕಟ್ಟಡ ಕಾಮಗಾರಿಯ ಟೆಕ್ನಿಷಿಯನ್ ಆಗಲು ಯಾವ ಕೋರ್ಸ್? ಎರಡು, ಮೂರು, ನಾಲ್ಕು ವರ್ಷದ ದಾರಿಗಳ ಹೋಲಿಕೆ

ಕಾಂಕ್ರೀಟ್ ತುಂಬಿದ ಲಾರಿ ಸೈಟಿಗೆ ಬಂದು ನಿಂತಿದೆ. ಡ್ರಮ್ ತಿರುಗುತ್ತಲೇ ಇದೆ. ಸ್ಲ್ಯಾಬ್ ಹಾಕುವವರು ಸಲಿಕೆ ಹಿಡಿದು ಕಾಯುತ್ತಿದ್ದಾರೆ. ಅಷ್ಟರಲ್ಲಿ ಒಬ್ಬರು ಸ್ವಲ್ಪ ಕಾಂಕ್ರೀಟ್ ಹಿಡಿದುಕೊಂಡು, 300 ಮಿಲಿಮೀಟರ್ ಎತ್ತರದ ಉಕ್ಕಿನ ಕೋನ್‌ನೊಳಗೆ ಮೂರು ಪದರಗಳಲ್ಲಿ ತುಂಬುತ್ತಾರೆ. ಪ್ರತಿ ಪದರವನ್ನೂ ಸರಳಿನಿಂದ 25 ಸಲ ಕುಟ್ಟುತ್ತಾರೆ. ಕೋನ್ ಅನ್ನು ನಿಧಾನವಾಗಿ ನೇರಕ್ಕೆ ಎತ್ತಿ, ಕಾಂಕ್ರೀಟ್ ಎಷ್ಟು ಕುಸಿಯಿತು ಎಂದು ಅಳೆಯುತ್ತಾರೆ. ಕಾಗದದಲ್ಲಿ 80 ಮಿಲಿಮೀಟರ್ ಎಂದಿದೆ. ಇಲ್ಲಿ 150 ಬಂದಿದೆ. ದಾರಿಯಲ್ಲಿ ಯಾರಾದರೂ ನೀರು ಸೇರಿಸಿದರೇ? ಲಾರಿಯನ್ನು ವಾಪಸ್ ಕಳಿಸಬೇಕೇ?

ಅಳೆದವರು ಟೆಕ್ನಿಷಿಯನ್. ಆ 80 ಎಂಬ ಅಂಕಿಯನ್ನು ಮೊದಲೇ ಲೆಕ್ಕ ಹಾಕಿ ಬರೆದವರು ಎಂಜಿನಿಯರ್. ಕಾಂಕ್ರೀಟನ್ನು ಹರಡಿ, ಮಟ್ಟ ಮಾಡಿ, ಮೇಲ್ಮೈ ನಯ ಮಾಡುವವರು ಕಸುಬುದಾರರು. ಮೂವರೂ ಒಂದೇ ಸ್ಲ್ಯಾಬಿನ ಸುತ್ತ ನಿಂತಿರುತ್ತಾರೆ, ಆದರೆ ಮೂವರೂ ಕಲಿತು ಬಂದ ದಾರಿ ಬೇರೆ. ಕೋರ್ಸ್ ಹುಡುಕುವವರು ಸಾಮಾನ್ಯವಾಗಿ ಮೊದಲು ಕಾಲೇಜಿನ ಹೆಸರು ನೋಡುತ್ತಾರೆ, ಆಮೇಲೆ ಫೀಸು, ಕೊನೆಗೆ ಕೆಲಸ. ಈ ಕ್ರಮವನ್ನು ತಿರುಗಿಸಿ ನೋಡಿ. ಆ ಲಾರಿಯ ಪಕ್ಕದಲ್ಲಿ ನೀವು ಯಾರಾಗಿ ನಿಂತಿರಬೇಕು ಎಂದು ಮೊದಲು ಯೋಚಿಸಿ. ಉಳಿದದ್ದನ್ನು ಅದರ ಮೇಲೆ ಆರಿಸುವುದು ಎಷ್ಟೋ ಸುಲಭ.

ನಾಲ್ಕು ದಾರಿಗಳು

ಮೊದಲನೆಯದು ಕಸುಬಿನ ತರಬೇತಿ, ಅಂದರೆ ಅಪ್ರೆಂಟಿಸ್‌ಶಿಪ್. ಬಡಗಿ, ಗಾರೆ ಕೆಲಸ, ಕಂಬಿ ಕಟ್ಟುವ ಕೆಲಸ. ಇಲ್ಲಿ ಕಲಿಕೆಯ ಬಹುಪಾಲು ಕೆಲಸದಲ್ಲೇ ನಡೆಯುತ್ತದೆ. ಕಲಿಯುವಾಗಲೇ ಸ್ವಲ್ಪ ಸಂಬಳ ಬರುತ್ತದೆ. ಕೈಯಿಂದ ಏನಾದರೂ ಕಟ್ಟಿ ನಿಲ್ಲಿಸುವ ಖುಷಿ ಬೇಕು, ರಿಪೋರ್ಟ್ ಬರೆಯುವುದು ಬೇಡ ಅನ್ನುವವರಿಗೆ ಇದು ಒಳ್ಳೆಯ ದಾರಿ. ಇದನ್ನು ಕೆಳಮಟ್ಟದ್ದು ಎಂದು ನೋಡಬೇಡಿ. ಫಾರ್ಮ್‌ವರ್ಕ್, ಅಂದರೆ ಕಾಂಕ್ರೀಟ್ ತುಂಬುವ ಅಚ್ಚು ಕಟ್ಟುವ ಒಳ್ಳೆಯ ಬಡಗಿ ಇಲ್ಲದ ಸೈಟಿನಲ್ಲಿ ಎಂಥ ಡಿಸೈನ್ ಇದ್ದರೂ ಗೋಡೆ ಸೊಟ್ಟಗಾಗುತ್ತದೆ.

ಎರಡನೆಯದು ಟೆಕ್ನಿಷಿಯನ್ ಡಿಪ್ಲೊಮಾ, ಬಹಳ ಕಡೆ ಎರಡು ವರ್ಷ. ಮೂರನೆಯದು ಟೆಕ್ನಾಲಜಿಸ್ಟ್ ಡಿಪ್ಲೊಮಾ. ಇದು ಕೆಲವು ಕಡೆ ಮೂರು ವರ್ಷ, ಇನ್ನು ಕೆಲವು ಕಡೆ ಪದವಿಯ ಮಟ್ಟದ್ದೇ. ನಾಲ್ಕನೆಯದು ಎಂಜಿನಿಯರಿಂಗ್ ಪದವಿ, ಸಾಮಾನ್ಯವಾಗಿ ನಾಲ್ಕು ವರ್ಷ.

ಈ ಕೊನೆಯ ಮೂರರ ನಡುವಿನ ಗೆರೆ ಸುಮ್ನೆ ಎಳೆದದ್ದಲ್ಲ. ದೇಶಗಳು ಒಬ್ಬರ ಕೋರ್ಸನ್ನು ಇನ್ನೊಬ್ಬರು ಒಪ್ಪಿಕೊಳ್ಳಲು ಮೂರು ಬೇರೆ ಬೇರೆ ಒಪ್ಪಂದಗಳನ್ನೇ ಮಾಡಿಕೊಂಡಿವೆ. ಎಂಜಿನಿಯರ್ ಪದವಿಗೆ 1989ರ ವಾಷಿಂಗ್ಟನ್ ಅಕಾರ್ಡ್, ಟೆಕ್ನಾಲಜಿಸ್ಟ್ ಕೋರ್ಸಿಗೆ 2001ರ ಸಿಡ್ನಿ ಅಕಾರ್ಡ್, ಟೆಕ್ನಿಷಿಯನ್ ಕೋರ್ಸಿಗೆ 2002ರ ಡಬ್ಲಿನ್ ಅಕಾರ್ಡ್. ಡಬ್ಲಿನ್ ಒಪ್ಪಂದವನ್ನು ಶುರು ಮಾಡಿದ್ದು ಐರ್ಲೆಂಡ್, ಬ್ರಿಟನ್, ಕೆನಡಾ ಮತ್ತು ದಕ್ಷಿಣ ಆಫ್ರಿಕಾ. ಮುಂದೆ ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ, ನಿಮ್ಮ ಕೋರ್ಸ್ ಈ ಮೂರರಲ್ಲಿ ಯಾವುದರ ಅಡಿ ಮಾನ್ಯವಾಗಿದೆ, ಅಥವಾ ಯಾವುದರಲ್ಲೂ ಇಲ್ಲವೇ ಎಂದು ಸೇರುವ ಮೊದಲೇ ಕೇಳಿ. ಒಂದು ಮಾತು ನೆನಪಿರಲಿ: ಈ ಒಪ್ಪಂದಗಳು ನಿಮ್ಮ ಓದನ್ನು ಒಪ್ಪಿಕೊಳ್ಳುತ್ತವೆ ಅಷ್ಟೆ. ಕೆಲಸದ ಲೈಸೆನ್ಸ್ ಬೇರೆ, ವೀಸಾ ಬೇರೆ.

ಎರಡು ವರ್ಷವೋ, ಮೂರು ವರ್ಷವೋ?

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಎರಡೂ ಕೋರ್ಸುಗಳ ಮೊದಲ ವರ್ಷದ ವಿಷಯಗಳು ಬಹುತೇಕ ಒಂದೇ: ಸರ್ವೆ, ಡ್ರಾಯಿಂಗ್, ಕಟ್ಟಡ ಸಾಮಗ್ರಿ, ಗಣಿತ, ರಿಪೋರ್ಟ್ ಬರೆಯುವುದು. ಹಾಗಿದ್ದರೆ ಇನ್ನೊಂದು ವರ್ಷ ಯಾಕೆ?

ಟೆಕ್ನಿಷಿಯನ್ ಒಂದು ಪರೀಕ್ಷೆಯನ್ನು ಸರಿಯಾಗಿ ಮಾಡಿ, ಬಂದ ಅಂಕಿ ಮಿತಿಯೊಳಗಿದೆಯೇ ಎಂದು ಹೇಳುತ್ತಾರೆ. ಮಿತಿಯ ಹೊರಗೆ ಹೋಗಿದ್ದರೆ ಯಾಕೆ ಹೋಯಿತು, ಮಿಶ್ರಣದಲ್ಲಿ ಏನು ಬದಲಿಸಬೇಕು, ಕೆಲಸದ ಕ್ರಮವನ್ನು ಹೇಗೆ ತಿರುಗಿಸಬೇಕು ಎಂದು ಟೆಕ್ನಾಲಜಿಸ್ಟ್ ಯೋಚಿಸುತ್ತಾರೆ. ಆ ಮೂರನೇ ವರ್ಷದಲ್ಲಿ ಜಾಸ್ತಿಯಾಗಿ ಬರುವುದು ಸ್ಟ್ರಕ್ಚರಲ್ ಲೆಕ್ಕ, ಮಣ್ಣಿನ ವರ್ತನೆ, ಪ್ರಾಜೆಕ್ಟ್ ನಿರ್ವಹಣೆ, ಒಂದು ದೊಡ್ಡ ಪ್ರಾಜೆಕ್ಟ್ ವರದಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಬ್ಬರೂ ಒಂದೇ ಕೆಲಸ ಮಾಡುತ್ತಿರಬಹುದು. ವ್ಯತ್ಯಾಸ ಕಾಣುವುದು ಆಮೇಲೆ, ತಂಡ ನಡೆಸಲು ಯಾರನ್ನು ಕರೆಯುತ್ತಾರೆ ಎಂಬಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ಬೇಗ ದುಡಿಯಬೇಕಾದ ಅನಿವಾರ್ಯ ಇದ್ದವರು ಎರಡು ವರ್ಷದ್ದಕ್ಕೆ ಸೇರಿ. ಆದರೆ ಅದೇ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಮುಂದುವರಿಯುವ ಬಾಗಿಲು ತೆರೆದಿರಬೇಕು. ಇಂಥ ಕಡೆ ನಿರ್ಧಾರವನ್ನು ಒಂದೂವರೆ ವರ್ಷ ಮುಂದಕ್ಕೆ ಹಾಕಬಹುದು. ಅಷ್ಟರಲ್ಲಿ ಒಂದೆರಡು ಸೈಟು ನೋಡಿರುತ್ತೀರಿ, ನಿಮಗೇ ಗೊತ್ತಾಗುತ್ತದೆ. ಎರಡು ವರ್ಷ ಮುಗಿಸಿ ದುಡಿದು, ಆಮೇಲೆ ವಾಪಸ್ ಬಂದು ಮೂರನೆಯದನ್ನು ಮುಗಿಸುವವರೂ ಇದ್ದಾರೆ. ಅವರು ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ ಥರ ಇರುತ್ತವೆ.

ಪದವಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಡಿಸೈನ್‌ಗೆ ಸಹಿ ಹಾಕುವ ಹೊಣೆ ಹೊರಬೇಕು, ಗಣಿತ ಇಷ್ಟ, ನಾಲ್ಕು ವರ್ಷ ಓದುವ ಅನುಕೂಲ ಇದೆ ಎಂದಾದರೆ ನೇರವಾಗಿ ಪದವಿಗೆ ಹೋಗಿ. ಬಹಳ ದೇಶಗಳಲ್ಲಿ ಸ್ಟ್ರಕ್ಚರಲ್ ಡ್ರಾಯಿಂಗಿಗೆ ಸಹಿ ಹಾಕಲು ಲೈಸೆನ್ಸ್ ಇರುವ ಎಂಜಿನಿಯರೇ ಬೇಕು. ಟೆಕ್ನಿಷಿಯನ್ ಡಿಪ್ಲೊಮಾ ಅಲ್ಲಿಗೆ ಹೋಗುವ ಅಡ್ಡದಾರಿ ಅಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೆಸರು ನೋಡಿ ಮೋಸ ಹೋಗಬೇಡಿ

ಕನ್‌ಸ್ಟ್ರಕ್ಷನ್ ಎಂಜಿನಿಯರಿಂಗ್ ಟೆಕ್ನಿಷಿಯನ್, ಸಿವಿಲ್ ಎಂಜಿನಿಯರಿಂಗ್ ಟೆಕ್ನಿಷಿಯನ್, ಆರ್ಕಿಟೆಕ್ಚರಲ್ ಟೆಕ್ನಿಷಿಯನ್. ಮೂರೂ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಒಳಗೆ ಬೇರೆ.

ಸಾಮಾನ್ಯವಾಗಿ ಕನ್‌ಸ್ಟ್ರಕ್ಷನ್ ಎಂದಿದ್ದರೆ ಕಟ್ಟುವ ವಿಧಾನ, ಎಸ್ಟಿಮೇಟ್, ವೇಳಾಪಟ್ಟಿ, ಕಾಂಟ್ರ್ಯಾಕ್ಟ್ ಕಾಗದಪತ್ರ, ಸೈಟ್ ಸುರಕ್ಷತೆ ಇವು ಜಾಸ್ತಿ. ಸಿವಿಲ್ ಎಂದಿದ್ದರೆ ಸರ್ವೆ, ರಸ್ತೆ, ನೀರು ಮತ್ತು ಒಳಚರಂಡಿ, ಮಣ್ಣು, ಸಾಮಗ್ರಿ ಪರೀಕ್ಷೆ. ಆರ್ಕಿಟೆಕ್ಚರಲ್ ಎಂದರೆ ಕಟ್ಟಡದ ಡ್ರಾಯಿಂಗ್, ಗೋಡೆ ಮತ್ತು ಮಾಡಿನ ವಿವರ, ಕಟ್ಟಡ ನಿಯಮ. ಆದರೆ ಒಂದು ಕಾಲೇಜಿನ ಕನ್‌ಸ್ಟ್ರಕ್ಷನ್ ಇನ್ನೊಂದು ಕಾಲೇಜಿನ ಸಿವಿಲ್‌ಗೇ ಹತ್ತಿರ ಇರಬಹುದು. ಹಾಗಾಗಿ ಹೆಸರು ಬಿಡಿ, ಪ್ರತಿ ಸೆಮಿಸ್ಟರಿನ ವಿಷಯಪಟ್ಟಿ ತೆಗೆದು ಒಂದು ಹಾಳೆಯ ಮೇಲೆ ಪಕ್ಕಪಕ್ಕ ಬರೆಯಿರಿ. ಸರ್ವೆ ಎಷ್ಟು ಗಂಟೆ, ಲ್ಯಾಬ್ ಎಷ್ಟು ಗಂಟೆ, ಡ್ರಾಯಿಂಗ್ ಎಷ್ಟು ಗಂಟೆ ಎಂದು ಕೂಡಿಸಿ. ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆ ಉಳಿಸಲು ಹೋಗಿ ಎರಡು ವರ್ಷ ಬೇಸರದಲ್ಲಿ ಕಳೆದವರನ್ನು ನಾನು ನೋಡಿದ್ದೇನೆ.

ನಿಮ್ಮ ದಿನ ಹೇಗಿರಬೇಕು?

ಟೆಕ್ನಿಷಿಯನ್ ಆದ ಮೇಲೆ ಕೆಲಸ ಮುಖ್ಯವಾಗಿ ನಾಲ್ಕು ಕಡೆ ಸಿಗುತ್ತದೆ: ಲ್ಯಾಬ್, ಸೈಟ್ ಮತ್ತು ಸರ್ವೆ, ಡ್ರಾಯಿಂಗ್, ಎಸ್ಟಿಮೇಟ್. ಕೋರ್ಸ್ ಆರಿಸುವಾಗ ಇವುಗಳಲ್ಲಿ ಯಾವುದರ ಕಡೆ ನಿಮ್ಮ ಮನಸ್ಸು ಓಡುತ್ತದೆ ಎಂದು ನೋಡಿಕೊಳ್ಳಿ.

ನಾನು ಲ್ಯಾಬಿನಿಂದ ಬಂದ ಮನುಷ್ಯ, ಹಾಗಾಗಿ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹೊರಗಿನವರಿಗೆ ಇದು ಬೇಸರದ ಕೆಲಸ ಎನಿಸುತ್ತದೆ. ಅಚ್ಚಿನಲ್ಲಿ ಕಾಂಕ್ರೀಟ್ ತುಂಬುವುದು, ನೀರಿನಲ್ಲಿಡುವುದು, 7 ದಿನಕ್ಕೆ ಕೆಲವನ್ನು, 28 ದಿನಕ್ಕೆ ಕೆಲವನ್ನು ಯಂತ್ರದಲ್ಲಿಟ್ಟು ಒಡೆದು ಬಲ ಅಳೆಯುವುದು. ಕೆಲವು ದೇಶಗಳಲ್ಲಿ 150 ಮಿಲಿಮೀಟರಿನ ಕ್ಯೂಬ್, ಕೆಲವು ಕಡೆ ಅದೇ ಅಗಲದ 300 ಮಿಲಿಮೀಟರ್ ಎತ್ತರದ ಸಿಲಿಂಡರ್. ಒಂದೇ ಕಾಂಕ್ರೀಟಾದರೂ ಸಿಲಿಂಡರಿನಲ್ಲಿ ಬರುವ ಅಂಕಿ ಕ್ಯೂಬಿನದಕ್ಕಿಂತ ಕಡಿಮೆ ಇರುತ್ತದೆ. ಇದನ್ನು ಗಮನಿಸದೆ ಎರಡೂ ಅಂಕಿಗಳನ್ನು ಹೋಲಿಸಿದರೆ ಲೆಕ್ಕವೇ ತಪ್ಪುತ್ತದೆ.

ಆ ಬೇಸರದ ಕೆಲಸ ಯಾಕೆ ಬೇಕು ಎಂದು ತಿಳಿಯಲು 1978ರ ಏಪ್ರಿಲ್ 27ಕ್ಕೆ ಹೋಗಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡಿನಲ್ಲಿ ವಿದ್ಯುತ್ ಸ್ಥಾವರಕ್ಕೆ ಕೂಲಿಂಗ್ ಟವರ್ (ಬಿಸಿ ನೀರು ತಣಿಸುವ ಗೋಪುರ) ಕಟ್ಟುತ್ತಿದ್ದರು. ಕೆಲಸಗಾರರು ನಿಂತಿದ್ದ ಅಟ್ಟಣಿಗೆಯನ್ನು ನೆಲದಿಂದ ಎಬ್ಬಿಸಿರಲಿಲ್ಲ, ಟವರಿನ ಗೋಡೆಗೇ ಬಿಗಿದಿದ್ದರು. ಗೋಡೆ ಮೇಲೇರಿದಂತೆ ಅಟ್ಟಣಿಗೆಯೂ ಮೇಲೇರುತ್ತಿತ್ತು. ಅಂದರೆ ಹೊಸದಾಗಿ ಹಾಕಿದ ಕಾಂಕ್ರೀಟೇ ಅವರ ಭಾರ ಹೊರಬೇಕಿತ್ತು. ಹಿಂದಿನ ದಿನ ಹಾಕಿದ ಕಾಂಕ್ರೀಟಿಗೆ ಇನ್ನೂ ಬೇಕಾದಷ್ಟು ಬಲ ಬಂದಿರಲಿಲ್ಲ. ಅಟ್ಟಣಿಗೆ ಕಳಚಿ ಬಿತ್ತು. 51 ಜನ ಸತ್ತರು. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನ ಜೊತೆ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಚಳಿ ಇದ್ದರೆ ಆ ಕೆಲಸ ನಿಧಾನ. ಮೇಲೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಬಲ ಇರುವುದಿಲ್ಲ. ಅದೇ ಸೈಟಿನ ಹವೆಯಲ್ಲೇ ಇಟ್ಟ ಒಂದೆರಡು ಸಿಲಿಂಡರುಗಳನ್ನು ಒಡೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆ ಸಿಲಿಂಡರನ್ನು ಒಡೆದು, "ಇವತ್ತು ಬೇಡ, ನಾಳೆ ನೋಡೋಣ" ಎಂದು ಹೇಳುವ ಕೆಲಸ ಟೆಕ್ನಿಷಿಯನ್‌ರದ್ದು. ಇದನ್ನು ಓದುವಾಗ ನಿಮ್ಮ ಮನಸ್ಸು ಹಿಡಿದು ನಿಂತಿತು ಎಂದಾದರೆ ಸಾಮಗ್ರಿ ಲ್ಯಾಬ್ ಚೆನ್ನಾಗಿರುವ ಕಾಲೇಜು ಹುಡುಕಿ.

ಸೈಟ್ ಮತ್ತು ಸರ್ವೆ ಕೆಲಸ ಹೊರಗಡೆಯದು. ಬೆಳಿಗ್ಗೆ ಬೇಗ ಶುರು, ಬಿಸಿಲು, ಮಳೆ, ಕೆಸರು. ವಾಹನ ಓಡಿಸಲು ಬರದಿದ್ದರೆ ಈ ಕೆಲಸಕ್ಕೆ ತೊಂದರೆ, ಯಾಕೆಂದರೆ ಒಂದೇ ದಿನ ಎರಡು ಮೂರು ಸೈಟಿಗೆ ಹೋಗಬೇಕಾಗಬಹುದು. ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ನೋಡುವುದು ಇಲ್ಲಿಯ ದೊಡ್ಡ ಕೆಲಸ. ಅದಕ್ಕೆ ಆಧಾರ 1933ರಲ್ಲಿ ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ ಪ್ರಕಟಿಸಿದ ಪರೀಕ್ಷೆ: ಒಂದೊಂದು ಮಣ್ಣಿಗೂ ಚೆನ್ನಾಗಿ ಕೂರಲು ಇಂತಿಷ್ಟೇ ತೇವ ಬೇಕು, ಜಾಸ್ತಿಯಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಸೈಟಿನಲ್ಲಿ ಇದನ್ನು ಬೇಗ ಅಳೆಯಲು ನ್ಯೂಕ್ಲಿಯರ್ ಗೇಜ್ ಎಂಬ ಉಪಕರಣ ಬಳಸುತ್ತಾರೆ. ಅದರಲ್ಲಿ ವಿಕಿರಣ ಸೂಸುವ ವಸ್ತು ಇರುವುದರಿಂದ ಸುರಕ್ಷತಾ ತರಬೇತಿ ಇಲ್ಲದೆ ಮುಟ್ಟುವಂತಿಲ್ಲ. ಈ ತರಬೇತಿಯನ್ನು ಓದಿನ ಜೊತೆಗೇ ಕೊಡುವ ಕಾಲೇಜು ಸಿಕ್ಕರೆ ಅದಕ್ಕೆ ಹೆಚ್ಚು ಅಂಕ ಕೊಡಿ.

ಡ್ರಾಯಿಂಗ್ ಕೆಲಸ ಒಳಗಡೆ ಕೂತು ಮಾಡುವಂಥದ್ದು. ಆಟೊಕ್ಯಾಡ್, ರೆವಿಟ್, ಸಿವಿಲ್ 3ಡಿ ಎಂಬ ಸಾಫ್ಟ್‌ವೇರ್‌ಗಳಲ್ಲಿ ಕೆಲಸ. ಇದನ್ನು ಬರೀ ಗೆರೆ ಎಳೆಯುವ ಕೆಲಸ ಎಂದುಕೊಂಡವರು ಅಮೆರಿಕದ ಕಾನ್ಸಸ್ ಸಿಟಿಯ ಹೋಟೆಲಿನ ಕಥೆ ತಿಳಿಯಬೇಕು. 1981ರ ಜುಲೈ 17ರ ಸಂಜೆ ಹಯಾಟ್ ರೀಜೆನ್ಸಿ ಹೋಟೆಲಿನ ಒಳಗೆ ನೇತಾಡುತ್ತಿದ್ದ ಎರಡು ನಡಿಗೆ ಸೇತುವೆಗಳು ಕುಸಿದು 114 ಜನ ಸತ್ತರು. ಮೊದಲ ಯೋಜನೆಯಲ್ಲಿ ಮಾಡಿನಿಂದ ಇಳಿದ ಒಂದೇ ಉದ್ದ ಸರಳು ಎರಡೂ ಸೇತುವೆಗಳನ್ನು ಹಿಡಿಯಬೇಕಿತ್ತು. ಕಟ್ಟುವಾಗ ಅನುಕೂಲಕ್ಕೆ ಅದನ್ನು ಎರಡು ಸರಳಾಗಿ ಬದಲಿಸಿದರು: ಒಂದು ಮಾಡಿನಿಂದ ಮೇಲಿನ ಸೇತುವೆಗೆ, ಇನ್ನೊಂದು ಮೇಲಿನ ಸೇತುವೆಯಿಂದ ಕೆಳಗಿನದಕ್ಕೆ. ಒಂದೇ ಹಗ್ಗಕ್ಕೆ ಎರಡು ಕೊಡಗಳನ್ನು ಬೇರೆ ಬೇರೆ ಗಂಟು ಹಾಕಿ ಕಟ್ಟಿದರೆ ಪ್ರತಿ ಗಂಟೂ ಒಂದೊಂದೇ ಕೊಡದ ಭಾರ ಹೊರುತ್ತದೆ. ಕೆಳಗಿನ ಕೊಡವನ್ನು ಮೇಲಿನ ಕೊಡದ ಕಂಠಕ್ಕೇ ಕಟ್ಟಿದರೆ? ಮೇಲಿನ ಗಂಟಿನ ಮೇಲೆ ಎರಡರ ಭಾರವೂ ಬೀಳುತ್ತದೆ. ಅಲ್ಲಿ ಆದದ್ದು ಅದೇ. ಡ್ರಾಯಿಂಗಿನಲ್ಲಿ ನೋಡಿದರೆ ಅದು ಪುಟ್ಟ ಬದಲಾವಣೆ. ಹೊಣೆ ಎಂಜಿನಿಯರುಗಳ ಮೇಲೆ ಬಂತು, ಅದು ನ್ಯಾಯವೇ. ಆದರೆ ಇಂಥ ಬದಲಾವಣೆ ಕಂಡಾಗ "ಈ ಭಾರ ಈಗ ಯಾವ ದಾರಿಯಲ್ಲಿ ಇಳಿಯುತ್ತದೆ?" ಎಂದು ಕೇಳಬಲ್ಲ ಡ್ರಾಫ್ಟಿಂಗ್ ಟೆಕ್ನಿಷಿಯನ್ ಒಬ್ಬರು ಇದ್ದರೆ ಇಡೀ ತಂಡಕ್ಕೆ ಬಲ. ಹಾಗಾಗಿ ಬರೀ ಸಾಫ್ಟ್‌ವೇರ್ ಕಲಿಸಿ, ಭಾರ ಹೇಗೆ ಹರಿಯುತ್ತದೆ ಎಂಬ ಪಾಠ ಬಿಟ್ಟಿರುವ ಕೋರ್ಸನ್ನು ನಾನು ಯಾರಿಗೂ ಹೇಳುವುದಿಲ್ಲ.

ಎಸ್ಟಿಮೇಟ್ ಅಂದರೆ ಡ್ರಾಯಿಂಗ್ ನೋಡಿ ಎಷ್ಟು ಸಾಮಗ್ರಿ, ಎಷ್ಟು ಆಳು, ಎಷ್ಟು ದಿನ ಎಂದು ಹೇಳುವುದು. 10 ಮೀಟರ್ ಉದ್ದ, 5 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪದ ಸ್ಲ್ಯಾಬಿಗೆ 7.5 ಘನ ಮೀಟರ್ ಕಾಂಕ್ರೀಟ್ ಬೇಕು. ದಪ್ಪ ಬರೀ 10 ಮಿಲಿಮೀಟರ್ ಜಾಸ್ತಿಯಾದರೆ ಅರ್ಧ ಘನ ಮೀಟರ್ ಹೆಚ್ಚು, ತೂಕದಲ್ಲಿ ಸುಮಾರು 1.2 ಟನ್. ಇಂಥ ಲೆಕ್ಕದಲ್ಲಿ ಖುಷಿ ಸಿಗುವವರಿಗೆ ಇದು ಹೇಳಿ ಮಾಡಿಸಿದ ಕೆಲಸ, ಮತ್ತು ಕನ್‌ಸ್ಟ್ರಕ್ಷನ್ ಹೆಸರಿನ ಕೋರ್ಸುಗಳು ಇದಕ್ಕೆ ಹೆಚ್ಚು ಹೊಂದುತ್ತವೆ.

ಗಣಿತದ ಭಯ

ಎರಡು ವರ್ಷದ ಕೋರ್ಸಿಗೆ ಬೇಕಾದದ್ದು ಬೀಜಗಣಿತ, ತ್ರಿಕೋನಮಿತಿ, ಅಳತೆಯ ಘಟಕಗಳ ಮೇಲೆ ಹಿಡಿತ. 12 ಮೀಟರ್ ಮತ್ತು 9 ಮೀಟರ್ ಬದಿಗಳ ಪಾಯ ಗುರುತಿಸಿದ್ದೀರಿ ಎಂದುಕೊಳ್ಳಿ. ಮೂಲೆ ಸರಿಯಾಗಿ ಕೂತಿದ್ದರೆ ಎರಡೂ ಕರ್ಣಗಳು 15 ಮೀಟರ್ ಇರಲೇಬೇಕು. ಒಂದು 15.04, ಇನ್ನೊಂದು 14.96 ಬಂದರೆ ಪಾಯ ಓರೆಯಾಗಿದೆ. ಇದು ನಿಮಗೆ ಅರ್ಥವಾಗುತ್ತದೆ ಎಂದಾದರೆ ಉಳಿದದ್ದನ್ನು ಕಲಿಯಬಹುದು. ಮೂರು ವರ್ಷದ ಕೋರ್ಸಿನಲ್ಲಿ ಕ್ಯಾಲ್ಕುಲಸ್ ಸ್ವಲ್ಪ ಬರುವುದುಂಟು. ಪದವಿಯಲ್ಲಂತೂ ತಪ್ಪಿಸಿಕೊಳ್ಳುವಂತಿಲ್ಲ. ನನ್ನ ಅನುಭವದಲ್ಲಿ ಹೊಸಬರು ಸೋಲುವುದು ಗಣಿತದಲ್ಲಿ ಅಲ್ಲ, ಬರೆಯುವುದರಲ್ಲಿ. ಏನು ಅಳೆದೆ, ಯಾವಾಗ, ಎಲ್ಲಿ, ಹವೆ ಹೇಗಿತ್ತು ಎಂದು ಸ್ಪಷ್ಟವಾಗಿ ಬರೆಯಲು ಬರದಿದ್ದರೆ ಅಳತೆ ಮಾಡಿಯೂ ಪ್ರಯೋಜನವಿಲ್ಲ.

ಕಾಲೇಜನ್ನು ಹೇಗೆ ತೂಗುವುದು

ಎರಡು ಕಾಲೇಜುಗಳ ನಡುವೆ ಆರಿಸಬೇಕಾದಾಗ ನಾನು ಮೊದಲು ಕೇಳುವ ಪ್ರಶ್ನೆ: ಒಂದು ಟೋಟಲ್ ಸ್ಟೇಷನ್‌ಗೆ (ಕೋನ, ದೂರ ಅಳೆಯುವ ಸರ್ವೆ ಉಪಕರಣ) ಎಷ್ಟು ಜನ ವಿದ್ಯಾರ್ಥಿಗಳು? ಮೂವರು ಎಂದರೆ ಚೆನ್ನಾಗಿದೆ. ಎಂಟು ಎಂದರೆ ಇಬ್ಬರು ಕಲಿಯುತ್ತಾರೆ, ಆರು ಜನ ನೋಡುತ್ತಾರೆ. ನಾನು ಓದಿದ ಕಡೆ ಎಂಟೇ ಜನ ಇದ್ದೆವು. ಕೆಲಸಕ್ಕೆ ಸೇರಿದ ಮೊದಲ ವಾರ ಟ್ರೈಪಾಡ್ ಮೇಲೆ ಉಪಕರಣವನ್ನು ಮಟ್ಟ ಮಾಡಲು ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅದು ಓದುವಾಗಲೇ ಕೈಗೆ ಬರಬೇಕಾಗಿದ್ದ ಕೆಲಸ. ಇವತ್ತಿಗೂ ಅದರ ಬಗ್ಗೆ ನನಗೆ ಬೇಸರ ಇದೆ.

ಅದಕ್ಕೇ ಹೇಳುವುದು, ಸೇರುವ ಮೊದಲು ಲ್ಯಾಬಿಗೆ ಒಮ್ಮೆ ಹೋಗಿ ಬನ್ನಿ. ಒತ್ತಿ ಒಡೆಯುವ ಯಂತ್ರದ ಸುತ್ತ ಕಾಂಕ್ರೀಟ್ ಚೂರು ಬಿದ್ದಿದೆಯೇ ನೋಡಿ. ಚೂರು ಇದ್ದರೆ ಯಂತ್ರ ಓಡುತ್ತಿದೆ. ಹೊಳೆಯುತ್ತಾ ನಿಂತಿದ್ದರೆ ಅನುಮಾನ ಪಡಿ. ಪಾಠ ಮಾಡುವವರು ಸೈಟಿನಲ್ಲಿ ದುಡಿದವರೇ ಎಂದು ಕೇಳಿ. ಈಗ ಓದುತ್ತಿರುವ ಎರಡನೇ ವರ್ಷದವರ ಹತ್ತಿರ ಮಾತಾಡಿ, ಅವರು ನೇರವಾಗಿ ಹೇಳುತ್ತಾರೆ.

ಕೋ-ಆಪ್ ಇದೆಯೇ ಎಂಬುದು ನನ್ನ ಮಟ್ಟಿಗೆ ಎರಡನೇ ದೊಡ್ಡ ಪ್ರಶ್ನೆ. ಓದಿನ ನಡುವೆ ಒಂದು ಸೆಮಿಸ್ಟರ್ ಸಂಬಳದ ಕೆಲಸ, ಮತ್ತೆ ತರಗತಿ. ಓದು ಕೆಲವು ತಿಂಗಳು ಉದ್ದವಾಗುತ್ತದೆ, ಆದರೆ ನನಗೆ ಆಯ್ಕೆ ಕೊಟ್ಟರೆ ಪ್ರತಿ ಸಲವೂ ಅದನ್ನೇ ಆರಿಸುತ್ತೇನೆ. ಒಂದು ಎಚ್ಚರಿಕೆ: "ಕೋ-ಆಪ್ ಅವಕಾಶ ಇದೆ" ಎಂದು ಬರೆದಿದ್ದರೆ ಕೆಲಸ ಗ್ಯಾರಂಟಿ ಎಂದಲ್ಲ. ಕಳೆದ ವರ್ಷ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸಿಕ್ಕಿತು ಎಂದು ಕೇಳಿ. ಹೇಳಲು ಹಿಂಜರಿದರೆ ಉತ್ತರ ಸಿಕ್ಕ ಹಾಗೇ.

ಇನ್ನು ಮುಂದಿನ ಓದು. ಕೆಲವು ಕಾಲೇಜುಗಳು ವಿಶ್ವವಿದ್ಯಾಲಯಗಳ ಜೊತೆ ಕ್ರೆಡಿಟ್ ವರ್ಗಾವಣೆಯ ಒಪ್ಪಂದ ಮಾಡಿಕೊಂಡಿರುತ್ತವೆ. ಡಿಪ್ಲೊಮಾ ಮುಗಿಸಿದವರು ಪದವಿಯ ಎರಡನೇ ವರ್ಷಕ್ಕೋ, ಮೂರನೆಯದಕ್ಕೋ ನೇರ ಸೇರಬಹುದು. ಆದರೆ ಅದಕ್ಕೆ ಇಂತಿಷ್ಟು ಅಂಕ ಬೇಕು, ಕೆಲವು ಗಣಿತದ ಪೇಪರುಗಳನ್ನು ಹೆಚ್ಚಾಗಿ ಮಾಡಬೇಕು ಎಂಬ ಷರತ್ತು ಇರಬಹುದು. ಮತ್ತು ಅದು ಎಂಜಿನಿಯರಿಂಗ್ ಪದವಿಗೋ, ಟೆಕ್ನಾಲಜಿ ಪದವಿಗೋ, ನಿರ್ವಹಣಾ ಪದವಿಗೋ ಎಂಬುದು ಬಹಳ ಮುಖ್ಯ. ಕಾಲೇಜಿನವರು ಹೇಳಿದ್ದನ್ನು ಆ ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ. ಫೀಸು ಕಟ್ಟುವ ಮೊದಲೇ ಉತ್ತರ ಇಮೇಲಿನಲ್ಲಿ ಬಂದಿರಲಿ, ಅದನ್ನು ಎತ್ತಿಟ್ಟುಕೊಳ್ಳಿ.